ಕಾಫಿ ಗಿಡವೂ ಎಲೆತುಕ್ಕೂ

ಮಳೆಗಾಲದ ಕೊನೆಗೆ ಮೂಡಿಗೆರೆ, ಕಳಸಗಳ ತೋಟಗಳಲ್ಲಿ ಅರೇಬಿಕಾ ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಳ್ಳುವುದುಂಟು. ಇದೇ ಎಲೆತುಕ್ಕು, ಒಂದು ಶಿಲೀಂಧ್ರದ ಬೀಜಕಣಗಳ ರಾಶಿ. ರೋಗ ಬಲಿತರೆ ಎಲೆಗಳು ಉದುರಿ ಫಸಲು ಕೈತಪ್ಪುತ್ತದೆ.

1911ರಲ್ಲಿ ಕೆಂಟ್ ಎಂಬ ತೋಟಗಾರರು ಈ ರೋಗವನ್ನು ತಾಳಬಲ್ಲ ಗಿಡವೊಂದನ್ನು ಆರಿಸಿದರು. ಅದರ ಸಂತತಿ ತೋಟದಿಂದ ತೋಟಕ್ಕೆ ಹಬ್ಬಿತು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ತಗುಲಿತು. ಬದಲಾದುದು ಗಿಡವಲ್ಲ, ಶಿಲೀಂಧ್ರ! ಅದರಲ್ಲಿ ಹಲವು ಬಗೆಗಳಿವೆಯೆಂದು 1930ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಮೇಯ್ನ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಗಿಡವನ್ನು ಕಾಯುವ ವಂಶವಾಹಿಯನ್ನು ಮೀರುವ ಶಕ್ತಿ ಶಿಲೀಂಧ್ರದ ವಂಶವಾಹಿಯ ಮಾರ್ಪಾಟಿನಿಂದ ಬರುತ್ತದೆ. ಎಲ್ಲೆಡೆ ಕೆಂಟ್ ಗಿಡವೇ ಇದ್ದಾಗ, ಅದನ್ನು ಗೆಲ್ಲಬಲ್ಲ ಬಗೆಗೆ ಸುಗ್ಗಿಯೋ ಸುಗ್ಗಿ.

ಮುಂದೆ, ಲೈಬೀರಿಕಾ ಕಾಫಿಯ ವಂಶವಾಹಿಯುಳ್ಳ ಎಸ್. 288ನ್ನು ಕೆಂಟ್‌ನೊಡನೆ ಕೂಡಿಸಿ ಎಸ್. 795 ತಳಿಯನ್ನು ಪಡೆದರು. ಬಹುಕಾಲ ತಾಳಿದ ಆ ತಳಿಗೂ ತುಕ್ಕಿನ ಹೊಸ ಬಗೆಗಳು ಅಂಟಿದವು.