ಮೂರೂವರೆಗೆ ಮನೆಯಲ್ಲಿ ಯಾರಿರುತ್ತಾರೆ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಳ್ಳಿ. ಎರಡು ವರ್ಷ ತೊಗರಿ ಕೈಗೆ ಹತ್ತಲಿಲ್ಲ, ಕೊರೆಸಿದ ಬೋರು ಬತ್ತಿತು, ಸಾಲ ಬೆಳೆಯಿತು. 2018ರಲ್ಲಿ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಬಂದೆವು. ಮಗಳಿಗೆ ಆಗ ಹತ್ತು ವರ್ಷ, ಮಗ ಕಂಕುಳ ಕೂಸು. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮವರು ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯೂರಿಟಿ, ರಾತ್ರಿ ಪಾಳಿ. ತಾರಸಿ ಮೇಲಿನ ಶೀಟಿನ ಮನೆ, ಒಂದೇ ಕೋಣೆ. ನಾನು ಹಬ್ಬಕ್ಕೊಂದು ಸೀರೆ ಕೊಂಡವಳಲ್ಲ. ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇವೆ, ವರ್ಷಕ್ಕೆ 42 ಸಾವಿರ ಫೀಸು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ 71 ಪರ್ಸೆಂಟ್ ತೆಗೆದು ಪಾಸಾದಳು. ಆಮೇಲೆ ಎರಡು ವರ್ಷದಿಂದ ಮನೆಯಲ್ಲೇ ಇದ್ದಾಳೆ. ಮಗ ಮೂರೂವರೆಗೆ ಶಾಲೆಯಿಂದ ಬರುತ್ತಾನೆ, ಯಾರಾದರೂ ಇರಬೇಕಲ್ಲ. ಈಚೆಗೆ ಅವಳು ನನ್ನೊಡನೆ ಮಾತೇ ಬಿಟ್ಟಿದ್ದಾಳೆ. ಬೆಳಗಿನ ಐದಕ್ಕೆ ರೊಟ್ಟಿ ಬಡಿದರೆ ಕೆಳಗಿನ ಓನರಮ್ಮ ಬೈಯುತ್ತಾರೆಂದು ಲಟ್ಟಣಿಗೆಯಲ್ಲಿ ಲಟ್ಟಿಸುತ್ತಾಳೆ, ಅದೂ ಮುಖ ಗಂಟು ಹಾಕಿಕೊಂಡು. ಇಷ್ಟೆಲ್ಲ ತ್ಯಾಗ ಮಾಡಿದ್ದು ಮಕ್ಕಳಿಗಾಗಿ ಅಲ್ಲವೇ? ಊರಲ್ಲೇ ಇದ್ದಿದ್ದರೆ ಇವಳಿಗೆ 371(ಜೆ) ಆದರೂ ಸಿಗುತ್ತಿತ್ತು, ಈಗ ಅದೂ ಹೋಯಿತು ಎನ್ನುತ್ತಾರೆ ನಮ್ಮ ಬಳಗದವರು. ಏನು ಮಾಡಲಿ?

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಸೀರೆ ಕೊಳ್ಳದ್ದನ್ನು ಬರೆದಿದ್ದೀರಿ, ಮನೆಗೆ ಬೀಗ ಹಾಕಿದ್ದನ್ನು ಬರೆದಿದ್ದೀರಿ. ಎಲ್ಲ ನಿಜ. ಗಂಟೆಗಿಷ್ಟು ಪೀಸ್ ಎಂದು ಸೂಪರ್‌ವೈಸರ್ ನೆತ್ತಿಯ ಮೇಲೆ ನಿಂತಿರುವಾಗ, ಟಾಯ್ಲೆಟ್‌ಗೆ ಏಳಬೇಕಾಗುತ್ತದೆಂದು ನೀರನ್ನೇ ಕುಡಿಯದ ಹೆಂಗಸರನ್ನು ನಾನು ಬಲ್ಲೆ. ಆದರೆ ತ್ಯಾಗದ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ. ನಿಮ್ಮ ಸಂಸಾರ ಇಷ್ಟು ವರ್ಷ ನಡೆದದ್ದು ಮೂವರ ದುಡಿಮೆಯಿಂದ; ಸಂಬಳ ಬಂದದ್ದು ಇಬ್ಬರಿಗೆ.

ಕಂಕುಳ ಕೂಸನ್ನು ಹಗಲು ನೋಡಿಕೊಂಡವರು ಯಾರೆಂದು ನೀವು ಬರೆದಿಲ್ಲ, ನಾನು ಊಹಿಸಬಲ್ಲೆ. 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆ ಆರು ವರ್ಷದೊಳಗಿನ ಮಕ್ಕಳಿಗೆ ಕ್ರೆಚ್ ನಡೆಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ನಾನು ಹೋಗಿ ನೋಡಿದ ಒಂದೆರಡು ಕಡೆ ತೊಟ್ಟಿಲೂ ಆಟಿಕೆಯೂ ಇದ್ದವು, ಕೂಸು ಮಾತ್ರ ಇರಲಿಲ್ಲ. ತುಂಬಿದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಎಂಟೂವರೆಗೆ ಗೇಟು ದಾಟುವುದು ಯಾರಿಂದಾದೀತು? ಹೀಗಾಗಿ ಹತ್ತು ವರ್ಷದ ಹುಡುಗಿಯೇ ಕ್ರೆಚ್ ಆಗುತ್ತಾಳೆ. ನಾನು ನೋಡಿದ ಇಂಥ ಮನೆಗಳಲ್ಲಿ ಹೀಗೆ ಸಿಕ್ಕಿಕೊಂಡ ಹಿರಿಮಗಳು ಒಬ್ಬಳು ಇದ್ದೇ ಇರುತ್ತಾಳೆ. ನಿಮ್ಮದನ್ನು ನೀವಾಗಿ ಬಿಟ್ಟುಕೊಟ್ಟಿರಿ. ಅವಳದ್ದನ್ನು ಅವಳನ್ನು ಕೇಳದೆಯೇ ತೆಗೆದುಕೊಂಡಿರಿ. ಅವಳ ಮೌನ ಅದಕ್ಕೆ.

ಇನ್ನು ಆ ಮೂರೂವರೆಯ ವಿಷಯ. ನಿಮ್ಮವರದು ರಾತ್ರಿ ಪಾಳಿ ಎಂದಿರಿ. ಅಂದರೆ ಮಗ ಬರುವ ಹೊತ್ತಿಗೆ ಅವರು ಅದೇ ಕೋಣೆಯಲ್ಲಿ ಮಲಗಿರುತ್ತಾರೆ, ಅಲ್ಲವೇ? ಬೆಳಿಗ್ಗೆ ಒಂಬತ್ತಕ್ಕೆ ಮಲಗಿದವರು ಮೂರೂವರೆಗೆ ಎದ್ದು ಮಗನಿಗೆ ಒಂದು ತಟ್ಟೆ ಅನ್ನ ಕಲಸಿಕೊಟ್ಟರೆ ನಿದ್ದೆಗೇನೂ ದೊಡ್ಡ ಮೋಸವಿಲ್ಲ. ಈ ಮಾತು ನಿಮಗೆ ಹೊಳೆಯಲಿಲ್ಲ ಎಂದು ನಾನು ನಂಬುವುದಿಲ್ಲ. ಹೊಳೆದಿರುತ್ತದೆ, ಬಾಯಿಗೆ ಬಂದಿರುವುದಿಲ್ಲ. ಈಗ ಆಡಿ. ಜಗಳವಾದರೆ ಆಗಲಿ.

371(ಜೆ) ಬಗ್ಗೆ ನಿಮ್ಮ ಬಳಗದವರು ಹೇಳಿದ್ದು ತಪ್ಪು. 2013ರಿಂದ ಜಾರಿಯಲ್ಲಿರುವ ಈ ಮೀಸಲಾತಿ ರಾಯಚೂರು ಸೇರಿದ ಕಲ್ಯಾಣ ಕರ್ನಾಟಕ ಭಾಗದಲ್ಲಿ ಹುಟ್ಟಿದವರಿಗೂ ಸಿಗುತ್ತದೆ, ಹತ್ತು ವರ್ಷ ಅಲ್ಲಿ ನೆಲೆಸಿದವರಿಗೂ ಸಿಗುತ್ತದೆ. ನಿಮ್ಮ ಮಗಳು ಅಲ್ಲೇ ಹುಟ್ಟಿದವಳಾದರೆ, ಓದಿದ್ದು ಬೆಂಗಳೂರಿನಲ್ಲಾದರೂ ಹಕ್ಕು ಹೋಗಿಲ್ಲ. ಜನನ ಪ್ರಮಾಣಪತ್ರ ಹಿಡಿದು ಲಿಂಗಸುಗೂರಿನ ಉಪವಿಭಾಗಾಧಿಕಾರಿ ಕಚೇರಿಗೆ ಅವಳನ್ನೇ ಕರೆದುಕೊಂಡು ಹೋಗಿ ಅರ್ಹತಾ ಪತ್ರ ಮಾಡಿಸಿ. ಬಸ್ಸಿನಲ್ಲಿ ಇಡೀ ರಾತ್ರಿ ಅಕ್ಕಪಕ್ಕ ಕೂತು ಹೋಗುತ್ತೀರಿ. ಪತ್ರಕ್ಕಿಂತ ಆ ರಾತ್ರಿ ನಿಮಗೆ ಹೆಚ್ಚು ಬೇಕಾಗಿದೆ.

71 ಪರ್ಸೆಂಟ್ ತೆಗೆದ ಹುಡುಗಿಗೆ ದಾರಿಗಳು ಮುಚ್ಚಿಲ್ಲ. ಪಿಯುಸಿ, ಡಿಪ್ಲೊಮಾ, ಐಟಿಐ, ಯಾವುದು ಎಂದು ಅವಳೇ ಹೇಳಲಿ. ಕಾಲೇಜಿಗೆ ದಿನವೂ ಹೋಗಲಾಗದಿದ್ದರೆ ಎನ್‌ಐಒಎಸ್ ಮುಕ್ತ ಶಾಲೆಯ ಮೂಲಕ ಮನೆಯಲ್ಲೇ ಓದಿ ಹನ್ನೆರಡನೆಯ ತರಗತಿ ಪರೀಕ್ಷೆ ಕಟ್ಟಬಹುದು. ಆದರೆ ಅದನ್ನು ಮೊದಲ ಆಯ್ಕೆಯಾಗಿ ಮುಂದಿಡಬೇಡಿ, ಪುಸ್ತಕದ ಜೊತೆ ಅಡುಗೆಯೂ ಅವಳ ತಲೆಗೇ ಬರುತ್ತದೆ. ಓಡಾಟದ ಖರ್ಚು ನೆಪವಾಗದಿರಲಿ. 2023ರ ಜೂನ್ 11ರಿಂದ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್‌ನಲ್ಲಿ ಊರಿನ ವಿಳಾಸವೇ ಇದ್ದರೂ ನಡೆಯುತ್ತದೆ. ಮಗನ ಫೀಸಿಗೆ 42 ಸಾವಿರ ಹೊಂದಿಸಿದ ಮನೆ ಮಗಳ ಸರ್ಕಾರಿ ಕಾಲೇಜಿನ ಶುಲ್ಕಕ್ಕೆ ಕೈ ಬಿಗಿ ಹಿಡಿಯಬಾರದು.

ರೊಟ್ಟಿಯ ಮಾತು. ಬಡಿಯುವ ಕಲ್ಲಿನ ಕೆಳಗೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಕಿ, ಸದ್ದು ಬಹಳ ತಗ್ಗುತ್ತದೆ. ಬರುವ ಭಾನುವಾರ ನೀವು ಬಡಿಯಿರಿ, ಅವಳು ಮಲಗಿರಲಿ.

ಪ್ರಶ್ನೆ: ನನಗೆ 26 ವರ್ಷ, ಸಾಫ್ಟ್‌ವೇರ್ ಕೆಲಸ. ಅಪ್ಪ ಸಿರಾ ತಾಲ್ಲೂಕಿನಲ್ಲಿದ್ದ ಶೇಂಗಾ ಹೊಲ ಎರಡೆಕರೆ ಮಾರಿ ನನ್ನನ್ನು ಇಲ್ಲಿ ಓದಿಸಿದರು, ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಹಮಾಲಿ ಮಾಡಿದರು. ಈಗ ಪುಣೆಯಲ್ಲಿ ಒಳ್ಳೆಯ ಕೆಲಸ ಬಂದಿದೆ. ಮಾತೆತ್ತಿದರೆ 'ನಿನಗೋಸ್ಕರ ಹೊಲ ಮಾರಿದೆ' ಎನ್ನುತ್ತಾರೆ. ಈ ಋಣ ಯಾವತ್ತು ತೀರುತ್ತದೆ?

ಉತ್ತರ: ಅವರು ಸಾಲ ಕೇಳುತ್ತಿಲ್ಲ ಎಂದು ನನಗನ್ನಿಸುತ್ತದೆ. ಒಂದು ಸಂಜೆ ಕೂತು ಕೇಳಿ: ಆ ಹೊಲ ಎಲ್ಲಿತ್ತು, ಸರ್ವೆ ನಂಬರ್ ಏನು, ಬದುವಿನಲ್ಲಿ ಯಾವ ಮರವಿತ್ತು, ಕೊನೆಯ ಬೆಳೆ ಎಷ್ಟು ಚೀಲ ಬಂತು. ಹೊಲ ಮಾರಿದವರು ಸರ್ವೆ ನಂಬರ್ ಮರೆಯುವುದಿಲ್ಲ. ನೀವು 'ಹೊಲ' ಎಂಬ ಮಾತು ಬಂದ ಕೂಡಲೇ ಎದ್ದು ಹೋಗುತ್ತೀರಿ, ಆದ್ದರಿಂದ ಅವರ ಕತೆ ಮೊದಲ ವಾಕ್ಯದಲ್ಲೇ ನಿಂತುಹೋಗಿದೆ. ಒಮ್ಮೆ ಅವರ ಜೊತೆ ಸಿರಾಕ್ಕೆ ಹೋಗಿ ಬನ್ನಿ. ಹೊಲ ಈಗ ಬೇರೆಯವರದಾದರೂ ಬದುವಿನ ಮೇಲೆ ನಿಲ್ಲಲು ಯಾರೂ ಬೇಡವೆನ್ನರು.

ಪುಣೆಗೆ ಹೋಗಿ. ಆದರೆ ಅದಕ್ಕೆ ಮುಂಚೆ ಅವರ ಮಂಡಿ, ಬೆನ್ನು ಡಾಕ್ಟರಿಗೆ ತೋರಿಸಿ. 50 ಕೆಜಿ ಮೂಟೆ ಹೊತ್ತ ಮೈ ಅದು. ನಿಮ್ಮ ಕಂಪನಿಯ ಆರೋಗ್ಯ ವಿಮೆಗೆ ಅಪ್ಪ ಅಮ್ಮನ ಹೆಸರು ಸೇರಿಸಲು ಬರುತ್ತದೆಯೇ ಎಂದು ಎಚ್ಆರ್ ಬಳಿ ವಿಚಾರಿಸಿ. ಬಂದರೆ ಇವತ್ತೇ ಸೇರಿಸಿ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಏಳು ವರ್ಷವಾಯಿತು. ಕೆಲಸ ಬಿಟ್ಟರೆ ಪಿಎಫ್ ಪೂರ್ತಿ ಬರುತ್ತದೆ, ಮನೆ ಬೋಗ್ಯಕ್ಕೆ ಹಾಕಿಕೊಂಡರೆ ಬಾಡಿಗೆ ತಪ್ಪುತ್ತದೆ, ಆಮೇಲೆ ಬೇರೆ ಫ್ಯಾಕ್ಟರಿ ಸೇರಿದರಾಯಿತು ಎನ್ನುತ್ತಾರೆ. ಸರಿಯೇ?

ಉತ್ತರ: ಬೇಡ. ಪಿಎಫ್ ಜೊತೆಗಿನ ಪಿಂಚಣಿಗೆ ಹತ್ತು ವರ್ಷ ಸೇವೆ ತುಂಬಬೇಕು. ಪಿಂಚಣಿಯ ಹಣವನ್ನೂ ಈಗ ಎಳೆದುಕೊಂಡರೆ ಏಳು ವರ್ಷ ಅಳಿಸಿಹೋಗಿ, ಹೊಸ ಫ್ಯಾಕ್ಟರಿಯಲ್ಲಿ ಮತ್ತೆ ಒಂದರಿಂದ ಎಣಿಸಬೇಕು. ನಿಮ್ಮ ದುಡ್ಡು ನಿಮಗೆ ಸಿಗುವುದಿಲ್ಲವೆಂಬ ಹೆದರಿಕೆ ನನಗೆ ಗೊತ್ತು. 2016ರ ಏಪ್ರಿಲ್‌ನಲ್ಲಿ ಇದೇ ಸಿಟ್ಟಿಗೆ ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಿಳಿದಾಗ ಕೇಂದ್ರ ಸರ್ಕಾರವೇ ಪಿಎಫ್ ಹಣ ತೆಗೆಯುವುದನ್ನು ಬಿಗಿಗೊಳಿಸಿದ್ದ ಹೊಸ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಕೆಲಸ ಬಿಡದೆಯೂ ಕಾಯಿಲೆ, ಮಕ್ಕಳ ಓದು, ಮದುವೆಗೆ ಒಂದು ಭಾಗ ತೆಗೆಯಬಹುದು.

ಹಾಗೂ ಬಿಡಲೇಬೇಕಾದರೆ ಗ್ರಾಚ್ಯುಟಿ ಬಿಟ್ಟು ಬರಬೇಡಿ, ಐದು ವರ್ಷ ದಾಟಿದವರಿಗೆ ಅದು ಹಕ್ಕು. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ಎಂದುಕೊಂಡರೆ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ: ವರ್ಷಕ್ಕೆ 7,500, ಏಳು ವರ್ಷಕ್ಕೆ 52,500.

ಬೋಗ್ಯದ ಮನೆ ನೋಡಿದ್ದೇ ಆದರೆ, ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ತಿಳಿಯದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ. (ಋಣಭಾರ ಪತ್ರ) ತೆಗೆಸಿ ನೋಡಿ, ಕರಾರನ್ನು ರಿಜಿಸ್ಟರ್ ಮಾಡಲು ಓನರ್ ಒಪ್ಪುತ್ತಾರೆಯೇ ಕೇಳಿ. ಒಪ್ಪದಿದ್ದರೆ ಬಾಡಿಗೆ ಮನೆಯೇ ಇರಲಿ.