ಬಣ್ಣ ನೋಡಿ ಗಂಡು ಅನ್ನಬೇಡ

ಮಗಾ, ನಿನ್ನ ತೊಟ್ಟಿಯ ಹಳದಿ ಮೀನೊಂದರ ಮುಖ ಕಪ್ಪಗಾಗುತ್ತಿದೆ, ಇನ್ನೊಂದು ಬಿಳಿಚಿಕೊಂಡು ಫಿಲ್ಟರಿನ ಹಿಂದೆ ಅವಿತಿದೆ, ಕಪ್ಪಾದದ್ದು ಗಂಡು, ಬಿಳಿಚಿದ್ದು ಹೆಣ್ಣು ಅಂತ ಅಂಗಡಿಯವರು ಹೇಳಿದರು ಅಂದೆಯಲ್ಲ. ಅವರ ಮಾತು ನಿಜವೇ ಇರಬಹುದು. ಆದರೆ ಅಷ್ಟನ್ನೇ ನಂಬಿ ಇನ್ನೂ ನಾಲ್ಕು ಮೀನು ತಂದು ಬಿಡಬೇಡ. ನಿನ್ನ ಹಳದಿ ಮೀನಿನಂಥ ಸಿಕ್ಲಿಡ್ ಕುಟುಂಬದ ಮೀನಿನ ಬಣ್ಣ ಮೊದಲು ಹೇಳುವುದು ಅದರ ಈ ಹೊತ್ತಿನ ಸ್ಥಿತಿಯನ್ನು: ಧೈರ್ಯವೋ, ದಿಗಿಲೋ, ಕಾಯಿಲೆಯೋ, ಮೊಟ್ಟೆಯ ಕಾಲವೋ. ಗಂಡೋ ಹೆಣ್ಣೋ ಎಂಬುದನ್ನು ಹೊಟ್ಟೆಯ ಅಡಿ ನೋಡಿಯೇ ತಿಳಿಯಬೇಕು.

ರಾಮನಗರದಲ್ಲಿ ಹುಟ್ಟಿದ ನಿನಗೆ ಇದು ಹೊಸದೇನಲ್ಲ. ರೇಷ್ಮೆ ಹುಳ ಹಣ್ಣಾಯಿತೆಂದು ನಿಮ್ಮಜ್ಜಿ ಹೇಗೆ ಗುರುತಿಸುತ್ತಿದ್ದಳು? ಮೈ ಹಳದಿಗೆ ತಿರುಗಿದ್ದಷ್ಟೇ ನೋಡುತ್ತಿರಲಿಲ್ಲ. ಹಾಲುರೋಗ ಬಂದ ಹುಳವೂ ಹಳದಿಗೆ ತಿರುಗುತ್ತದೆ. ಸೊಪ್ಪು ಬಿಟ್ಟಿದೆಯೇ, ಮೈ ಕುಗ್ಗಿ ಬೆಳಕಿಗೆ ಹಿಡಿದರೆ ತಿಳಿಯಾಗಿ ಕಾಣುತ್ತಿದೆಯೇ, ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತಿದೆಯೇ, ಎಲ್ಲ ನೋಡಿ ಆಮೇಲೆ ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಿದ್ದಳು. ಮೀನಿನಲ್ಲೂ ಬಣ್ಣದ ಜೊತೆಗೆ ನಡತೆ, ಮೈಕಟ್ಟು, ಹೊತ್ತು ಎಲ್ಲವನ್ನೂ ಕೂಡಿಸಿ ನೋಡು.

ನಿನ್ನಲ್ಲಿರುವುದು ಎಲೆಕ್ಟ್ರಿಕ್ ಯೆಲ್ಲೋ, ಆಫ್ರಿಕದ ಮಲಾವಿ ಸರೋವರದ್ದು. ಅದರಲ್ಲಿ ಗಂಡೂ ಹಳದಿ, ಹೆಣ್ಣೂ ಹಳದಿ. ತೊಟ್ಟಿಯಲ್ಲಿ ಯಾವುದು ಯಜಮಾನಿಕೆಗೆ ನಿಲ್ಲುತ್ತದೋ ಅದರ ರೆಕ್ಕೆ, ಮುಖ ಕಪ್ಪೇರುತ್ತವೆ. ಹೆಚ್ಚಾಗಿ ಅದು ಗಂಡೇ, ಆದರೆ ಜೋರಿನ ಹೆಣ್ಣೂ ಹಾಗೆ ಕಪ್ಪಾಗುವುದುಂಟು. ಬೇರೆ ಜಾತಿಗೆ ಹೋದರೆ ಲೆಕ್ಕವೇ ತಲೆಕೆಳಗು. ಅದೇ ಮಲಾವಿಯ ಕೆನ್ಯಿ ಮೀನಿನಲ್ಲಿ ಮರಿಗಳೆಲ್ಲ ನೀಲಿ. ಬೆಳೆದ ಮೇಲೆ ಹೆಣ್ಣು ನೀಲಿಯಾಗಿಯೇ ಉಳಿದರೆ ಗಂಡು ಹಳದಿಯಾಗುತ್ತದೆ. ಮಧ್ಯ ಅಮೆರಿಕದ ಕಪ್ಪು ಪಟ್ಟೆಯ ಕನ್ವಿಕ್ಟ್‌ನಲ್ಲಿ ಹೊಟ್ಟೆಯ ಮೇಲೆ ಕಿತ್ತಳೆ ಬಣ್ಣ ಹೊತ್ತು ಮೆರೆಯುವುದು ಹೆಣ್ಣು, ಗಂಡು ಬರೀ ಬೂದು. ಹಿಂಬದಿಯ ಕೆಳರೆಕ್ಕೆಯ ಮೇಲಿನ ಮೊಟ್ಟೆಯಂಥ ಚುಕ್ಕಿಗಳನ್ನು ತೋರಿಸಿ ಇದು ಗಂಡೇ ಅನ್ನುವವರಿದ್ದಾರೆ. ಗಂಡಿನಲ್ಲಿ ಅವು ಎದ್ದು ಕಾಣುವುದು ನಿಜ, ಆದರೆ ಹೆಣ್ಣಿಗೂ ಇರುತ್ತವೆ.

ಬಣ್ಣ ಇಷ್ಟು ಬೇಗ ಬದಲಾಗುವುದೇಕೆಂದು ತಿಳಿದರೆ ನಿನ್ನ ಗಾಬರಿ ಅರ್ಧ ಇಳಿಯುತ್ತದೆ. ಚರ್ಮದ ಬಣ್ಣಕೋಶಗಳ ಒಳಗೆ ಕಪ್ಪು ಕಣಗಳಿವೆ. ಅವು ಹರಡಿಕೊಂಡರೆ ಮೈ ಕಪ್ಪು, ನಡುವೆ ಒತ್ತೊತ್ತಾಗಿ ಸೇರಿದರೆ ಮೈ ಬಿಳಿಚು. ನರಗಳ ಅಪ್ಪಣೆಯ ಮೇಲೆ ನಡೆಯುವ ಕೆಲಸವಾದ್ದರಿಂದ ಕೆಲವೇ ನಿಮಿಷ ಸಾಕು. ಆಫ್ರಿಕದ ಬರ್ಟೋನಿ ಎಂಬ ಸಿಕ್ಲಿಡ್ ಮೇಲೆ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ರಸೆಲ್ ಫರ್ನಾಲ್ಡ್ ಬಹುಕಾಲ ಸಂಶೋಧನೆ ಮಾಡಿದರು. ಅದರಲ್ಲಿ ಯಜಮಾನ ಗಂಡನ್ನು ತೊಟ್ಟಿಯಿಂದ ತೆಗೆದರೆ, ಅದುವರೆಗೆ ಮಂಕಾಗಿ ಬದುಕಿದ್ದ ಇನ್ನೊಂದು ಗಂಡು ನಿಮಿಷಗಳಲ್ಲೇ ಬಣ್ಣ ತಾಳಿ ಕಣ್ಣಿನ ಬಳಿಯ ಕಪ್ಪು ಗೆರೆ ತೋರಿಸುತ್ತದೆ. ಅಂದರೆ ನೀನು ಹೆಣ್ಣೆಂದುಕೊಂಡ ಮಂಕು ಮೀನು ಏಟು ತಿಂದ ಗಂಡೂ ಆಗಿರಬಹುದು.

ಹೊಟ್ಟೆಯ ಅಡಿ ನೋಡುವುದನ್ನು ಸಂತೆಯಲ್ಲಿ ಕಲಿ. ನಮ್ಮಲ್ಲಿ ಜಿಲೇಬಿ ಎಂದು ಮಾರುತ್ತಾರಲ್ಲ, ಆ ತಿಲಾಪಿಯವೂ ಸಿಕ್ಲಿಡ್ಡೇ. ಅಂಗೈಯಷ್ಟು ಉದ್ದದ, ಹೊಟ್ಟೆ ಸೀಳದ ನಾಲ್ಕಾರು ಜಿಲೇಬಿ ತಂದು ಮಗುಚಿ ಹಾಕು. ಹೊಟ್ಟೆಯಡಿಯ ರಂಧ್ರಗಳಲ್ಲಿ ಮುಂದಿನದು ಮಲದ್ವಾರ. ಅದರ ಹಿಂದೆ ಪುಟ್ಟ ಮೊಳೆಯಂಥದು ಇರುತ್ತದೆ. ಗಂಡಿನಲ್ಲಿ ಆ ಮೊಳೆಯ ತುದಿಗೆ ಒಂದೇ ರಂಧ್ರ. ಹೆಣ್ಣಿನಲ್ಲಿ ಮೊಟ್ಟೆ ಬರಲು ಅಡ್ಡ ಸೀಳು ಬೇರೆ, ಮೂತ್ರಕ್ಕೆ ತುದಿಯ ರಂಧ್ರ ಬೇರೆ. ಒಟ್ಟು ಗಂಡಿಗೆ ಎರಡು, ಹೆಣ್ಣಿಗೆ ಮೂರು. ಕಾಣದಿದ್ದರೆ ಹತ್ತಿಯಲ್ಲಿ ಒಂದಿಷ್ಟು ಮಿಥಿಲೀನ್ ಬ್ಲೂ ಸವರು, ಸೀಳು ನೀಲಿಯಾಗಿ ಎದ್ದು ನಿಲ್ಲುತ್ತದೆ. ಮೀನು ಸಾಕುವವರು ಗಂಡು ಹೆಣ್ಣು ಮರಿ ಬೇರ್ಪಡಿಸಲು ಮಾಡುವುದೂ ಇದನ್ನೇ. ಆದರೆ ಬಣ್ಣ ಸವರಿದ ಮೀನನ್ನು ಸಾರಿಗೆ ಹಾಕಬೇಡ.

ಕಣ್ಣು ಪಳಗಿದ ಮೇಲೆ ನಿನ್ನ ಹಳದಿ ಮೀನಿಗೆ ಬಾ. ಎರಡೂವರೆ ಅಂಗುಲವಾದರೂ ಬೆಳೆದಿರಲಿ. ಒದ್ದೆ ಬಲೆಯಲ್ಲಿ ಹಿಡಿದು, ತೊಟ್ಟಿಯದೇ ನೀರು ತುಂಬಿದ ತೆಳು ಗಾಜಿನ ಡಬ್ಬಿಗೆ ಬಿಟ್ಟು ಕೆಳಗಿನಿಂದ ನೋಡು. ಕೈಯಲ್ಲಿ ಹಿಡಿಯಲೇಬೇಕಾದರೆ ಕೈ ಒದ್ದೆ ಇರಲಿ, ಒಣ ಕೈ ತಗುಲಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಮುಂದಿನ, ಹಿಂದಿನ ರಂಧ್ರಗಳೆರಡೂ ಹೆಚ್ಚುಕಡಿಮೆ ಒಂದೇ ಗಾತ್ರದ್ದಾದರೆ ಗಂಡು. ಹಿಂದಿನದು ದೊಡ್ಡದಾಗಿ ಅಗಲವಾಗಿದ್ದರೆ ಹೆಣ್ಣು. ಒಂದೇ ಮೀನು ನೋಡಿ ತೀರ್ಮಾನಿಸಬೇಡ, ಅಕ್ಕಪಕ್ಕ ಇಟ್ಟು ಹೋಲಿಸು. ಏಂಜಲ್ ಮೀನಿನಲ್ಲಿ ಮಾತ್ರ ಮೊಟ್ಟೆ ಇಡುವ ಹೊತ್ತಿಗಷ್ಟೇ ಗೊತ್ತಾಗುತ್ತದೆ: ಗಂಡಿನ ಮೊಳೆ ಸಣ್ಣಗೆ ಚೂಪು, ಹೆಣ್ಣಿನದು ದಪ್ಪ, ಮೊಂಡು. ಎರಡು ಹೆಣ್ಣುಗಳೇ ಜೋಡಿಯಾಗಿ ಮೊಟ್ಟೆ ಇಡುವುದೂ ಉಂಟು.

ಇನ್ನು ಬಿಳಿಚಿಕೊಂಡದ್ದರ ವಿಷಯ. ಬೆಳಗ್ಗೆ ದೀಪ ಹಾಕಿದ ಕೂಡಲೇ ನೋಡಿದೆಯಾ? ರಾತ್ರಿ ಹಲವು ಮೀನುಗಳ ಬಣ್ಣ ಇಳಿಯುತ್ತದೆ, ಅರ್ಧ ಗಂಟೆ ಬಿಟ್ಟು ನೋಡು. ಆಗಲೂ ಹಾಗೇ ಇದ್ದು, ರೆಕ್ಕೆ ಮೈಗಂಟಿಕೊಂಡು, ಕಿವಿರು ಬಡಬಡ ಆಡುತ್ತಿದ್ದರೆ ನೀರು ಕೆಟ್ಟಿರಬಹುದು. ಅಮೋನಿಯ ಪರೀಕ್ಷೆ ಮಾಡಿ, ಕಾಲುಭಾಗ ನೀರು ಬದಲಿಸು. ನಲ್ಲಿ ನೀರಾದರೆ ಮೊದಲು ಕ್ಲೋರಿನ್ ತೆಗೆ. ರೆಕ್ಕೆ ಹರಿದಿದ್ದರೆ ಕಪ್ಪು ಮುಖದ ಯಜಮಾನ ಕಚ್ಚುತ್ತಿರಬಹುದು, ಕಲ್ಲು ಜೋಡಿಸಿ ಅಡಗುದಾಣ ಮಾಡಿಕೊಡು. ಊಟ ಬಿಟ್ಟು ಗಲ್ಲದ ಕೆಳಗೆ ಉಬ್ಬಿದ್ದರೆ ಸಂತೋಷಪಡು, ಅದು ಬಾಯಲ್ಲಿ ಮೊಟ್ಟೆ ಇಟ್ಟುಕೊಂಡ ತಾಯಿ. ಅದಕ್ಕೆ ಔಷಧಿ ಹಾಕಬೇಡ. ಇನ್ನು ನೀರಿನ ಮಾತಿಗೆ ಬಂದರೆ, ನಮ್ಮ ಕಡೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಮಲಾವಿ ಮೀನಿಗೆ ಅದು ಒಗ್ಗುತ್ತದೆ, ಡಿಸ್ಕಸ್ ಎಂಬ ಮೀನು ತಂದರೆ ಅದಕ್ಕೆ ಒಗ್ಗದು.

ಅಂಗಡಿಯಲ್ಲಿ ಬೆರಳುದ್ದದ ಮರಿಗಳೆಲ್ಲ ಥಳಥಳ ಹೊಳೆಯುತ್ತಿದ್ದರೆ ಕೊಳ್ಳಲು ಆತುರ ಬೇಡ. ಕೆಲವರು ಹಾರ್ಮೋನು ತಿನ್ನಿಸಿ ಹೆಣ್ಣಿಗೂ ಗಂಡಿನ ಬಣ್ಣ ಬರಿಸುತ್ತಾರೆ. ಮನೆಗೆ ತಂದ ಮೇಲೆ ಅದು ಇಳಿದುಹೋಗುತ್ತದೆ. ಫ್ಲವರ್‌ಹಾರ್ನ್‌ನ ತಲೆಯ ಗುಬುಟು ನೋಡಿ ಗಂಡೆಂದು ಬೆಲೆ ಏರಿಸಿದರೂ ಒಪ್ಪಬೇಡ, ಹೆಣ್ಣಿಗೂ ಅದು ಬರುತ್ತದೆ.

ಇಷ್ಟೆಲ್ಲ ಒತ್ತಿ ಹೇಳುವುದಕ್ಕೆ ಕಾರಣವಿದೆ ಕಣಪ್ಪ. ಮಲಾವಿ ಮೀನಿನಲ್ಲಿ ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣಿರಬೇಕು. ಗುರುತಿಸದೆ ತಂದರೆ ಗಂಡುಗಳು ಹೆಚ್ಚಾಗಿ ಕಾದಾಡುತ್ತವೆ. ಆಗ ಕೆಲವರು ಉಳಿದ ಮೀನನ್ನು ಪುಣ್ಯ ಬರಲೆಂದು ಕೆರೆಗೆ ಬಿಡುತ್ತಾರೆ. ಹಾಗೆ ಬಿಟ್ಟರೆ ಏನಾಗುತ್ತದೆಂದು ಜಿಲೇಬಿಯನ್ನೇ ನೋಡು. ಅದನ್ನು 1952ರಲ್ಲಿ ಈ ದೇಶಕ್ಕೆ ತಂದರು. ಅದು ಹರಡುವ ರೀತಿ ಕಂಡು 1959ರ ಹೊತ್ತಿಗೇ ಅದರ ಸಾಕಣೆ ಬೇಡವೆಂದು ನಿರ್ಬಂಧ ಹಾಕಿದರೂ, ಕೆರೆ ಸೇರಿದ್ದನ್ನು ಹೊರಗೆ ತೆಗೆಯಲು ಆಗಲಿಲ್ಲ. ಕಣ್ವ ಜಲಾಶಯಕ್ಕಾಗಲಿ, ಮಂಚನಬೆಲೆ ಜಲಾಶಯಕ್ಕಾಗಲಿ, ಇಗ್ಗಲೂರಿನ ಶಿಂಷಾ ಹೊಳೆಗಾಗಲಿ ನಿನ್ನ ತೊಟ್ಟಿಯ ಒಂದು ಮೀನೂ ಹೋಗಕೂಡದು. ಹೆಚ್ಚಾದ ಗಂಡನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಮೊದಲೇ ಕೇಳಿ, ಹೂಂ ಅಂದವರ ಅಂಗಡಿಯಲ್ಲೇ ಮುಂದಿನ ಮೀನು ಕೊಳ್ಳು.