ಪಕ್ಕದ ಸೀಟು ಮೊದಲು, ಚಾಲಕನ ಸೀಟು ಆಮೇಲೆ

ಮೋಟರ್‌ಹೋಮ್ ಕೊಳ್ಳಲು ಹೋದವರು ಮೊದಲು ಹಾಸಿಗೆ ನೋಡುತ್ತಾರೆ, ಆಮೇಲೆ ಒಲೆ, ಆಮೇಲೆ ಟಾಯ್ಲೆಟ್ಟು. ಮುಂದಿನ ಎರಡು ಸೀಟುಗಳ ಕಡೆ ಕಣ್ಣು ಹೋಗುವುದೇ ಇಲ್ಲ. ಅವು ಗಾಡಿ ಓಡಿಸುವುದಕ್ಕೆ ತಾನೇ ಎಂಬ ಲೆಕ್ಕ. ಆದರೆ ಇಂಥ ಗಾಡಿ ಓಡುವ ಹೊತ್ತಿಗಿಂತ ನಿಂತಿರುವ ಹೊತ್ತೇ ಹೆಚ್ಚು. ಬೆನ್ನಿಗೂ ತೋಳಿಗೂ ಆಸರೆ ಕೊಡುವ ಸೀಟುಗಳು ಇಡೀ ಗಾಡಿಯಲ್ಲಿ ಇರುವುದು ಎರಡೇ. ಗಾಡಿ ನಿಂತ ಮೇಲೆ ಆ ಎರಡೂ ಯಾರಿಗೂ ಬೇಡವಾಗಿ ಗಾಜಿನ ಕಡೆ ಮುಖ ಮಾಡಿಕೊಂಡಿರುತ್ತವೆ. ಅವನ್ನು ಕೂರಲು ಬರುವಂತೆ ಮಾಡುವುದು ಹೇಗೆ, ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ ಎಂಬುದು ಗಾಡಿ ಬಳಸುತ್ತಾ ನನಗೆ ತಿಳಿದದ್ದು.

ನಾವಿರುವುದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ. ನಮ್ಮದು ಸೆಕೆಂಡ್‌ಹ್ಯಾಂಡ್ ಗಾಡಿ, ರಾಮ್ ಪ್ರೋಮಾಸ್ಟರ್ ವ್ಯಾನಿನೊಳಗೇ ಮನೆ ಕಟ್ಟಿದ್ದು. ಇಂಥವಕ್ಕೆ ಇಲ್ಲಿ ಕ್ಲಾಸ್ ಬಿ ಅನ್ನುತ್ತಾರೆ. ಯುರೋಪಿನಲ್ಲಿ ಫಿಯೆಟ್ ಡುಕಾಟೊ ಹೆಸರಲ್ಲಿ ಓಡುವ ವ್ಯಾನೇ ಇಲ್ಲಿ ಪ್ರೋಮಾಸ್ಟರ್. ಉದ್ದ ಸುಮಾರು 21 ಅಡಿ ಅಂದರೂ ಮುಂದಿನ ಸೀಟುಗಳ ಹಿಂದೆ ಸಿಗುವುದು 13 ಅಡಿ ಚಿಲ್ಲರೆ. ಅದರಲ್ಲಿ ಹಾಸಿಗೆ, ಒಲೆ, ಸಿಂಕು, ಫ್ರಿಜ್ಜು, ಟಾಯ್ಲೆಟ್ಟು ಎಲ್ಲ ಹೋಗಿ ಉಳಿಯುವುದು ಬೆಲ್ಟ್ ಇರುವ ಒಂದು ಬೆಂಚು. ನಾವಿಬ್ಬರೇ ಇದ್ದಾಗ ಅಷ್ಟು ಸಾಕು. ಹಾಸನದಿಂದ ಅಪ್ಪ ಅಮ್ಮ ಬಂದು ನಾಲ್ವರಾದಾಗ ಊಟದ ಹೊತ್ತಿಗೆ ಇಬ್ಬರು ಹಾಸಿಗೆ ಮೇಲೆ ಕೂರಬೇಕಾಗುತ್ತಿತ್ತು. ಹಾಸಿಗೆ ಮೇಲೆ ಕೂತು ಉಣ್ಣುವುದು ಅಮ್ಮನಿಗೆ ಸುತರಾಂ ಆಗದು. ಮುಂದಿನ ಸೀಟುಗಳನ್ನು ತಿರುಗಿಸುವ ಯೋಚನೆ ಹುಟ್ಟಿದ್ದು ಅಲ್ಲಿಂದ.

ತಿರುಗುವ ತಟ್ಟೆ

ಸೀಟಿನ ಕೆಳಗಿನ ಕಬ್ಬಿಣದ ಪೀಠಕ್ಕೂ ಸೀಟಿಗೂ ನಡುವೆ ಒಂದು ಸ್ವಿವೆಲ್ ತಟ್ಟೆ ಕೂರಿಸುತ್ತಾರೆ. ಹಿಡಿಕೆ ಎಳೆದರೆ ಸೀಟು ಹಿಂದಕ್ಕೆ ತಿರುಗುತ್ತದೆ, ಬಿಟ್ಟರೆ ಲಾಕ್ ಆಗುತ್ತದೆ. ಒಂದು ತಟ್ಟೆಗೆ 300–400 ಡಾಲರ್ ಆಸುಪಾಸು. ನಟ್ಟು ಬೋಲ್ಟಿನ ಕೆಲಸ ನೋಡಿದರೆ ಯಾರಾದರೂ ಮಾಡಬಹುದು ಅನ್ನಿಸುತ್ತದೆ. ಎಚ್ಚರ ಬೇಕಾಗಿರುವುದು ಸೀಟಿನ ಕೆಳಗಿನ ವೈರುಗಳ ವಿಷಯದಲ್ಲಿ. ಹಳದಿ ಕನೆಕ್ಟರ್ ಇರುವ ವೈರುಗಳೆಲ್ಲ ಏರ್‌ಬ್ಯಾಗಿಗೋ, ಅಪಘಾತವಾದಾಗ ಬೆಲ್ಟನ್ನು ಬಿಗಿ ಎಳೆಯುವ ಸಾಧನಕ್ಕೋ ಸೇರಿದವು. ಆ ಸಾಧನದಲ್ಲಿ ಸಣ್ಣದೊಂದು ಸಿಡಿಮದ್ದು ಇರುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದ ಮೇಲೆಯೇ ಅವುಗಳಿಗೆ ಕೈ ಹಾಕಬೇಕು. ಪ್ರೋಮಾಸ್ಟರಿನಲ್ಲಿ ಆ ಬ್ಯಾಟರಿ ಬಾನೆಟ್ಟಿನ ಕೆಳಗಿಲ್ಲ, ಚಾಲಕನ ಕಾಲಡಿಯ ನೆಲದೊಳಗಿದೆ. ಇನ್ನೊಂದು ವಿಷಯ, ಸೀಟು ತಿರುಗಿದಾಗ ವೈರು ಎಳೆದುಕೊಳ್ಳದಷ್ಟು ಸಡಿಲ ಬಿಟ್ಟಿರಬೇಕು. ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿಕೊಂಡು ಕೂರುತ್ತದೆ.

ಅಮೆರಿಕದಲ್ಲಿ ಸೀಟಿನ ಗಟ್ಟಿತನಕ್ಕೆ ಎಫ್‌ಎಂವಿಎಸ್‌ಎಸ್ 207, ಬೆಲ್ಟಿನ ಕೊಂಡಿಗಳಿಗೆ ಎಫ್‌ಎಂವಿಎಸ್‌ಎಸ್ 210 ಎಂಬ ಸುರಕ್ಷತಾ ಮಾನದಂಡಗಳಿವೆ. ತಟ್ಟೆ ಕೊಳ್ಳುವಾಗ ನಿಮ್ಮದೇ ಮಾಡೆಲ್ಲಿನ ಗಾಡಿಗೆ ಇವುಗಳ ಪ್ರಕಾರ ಪರೀಕ್ಷೆಯಾಗಿದೆಯೇ ಎಂದು ಕೇಳಿ. ನೂರು ಡಾಲರ್ ಉಳಿಯುತ್ತದೆಂದು ಹೆಸರಿಲ್ಲದ ತಟ್ಟೆ ತರುವುದು ಬೇಡ. ಡಿಕ್ಕಿಯಾದಾಗ ನಿಮ್ಮ ಮೈಭಾರವೆಲ್ಲ ಬೀಳುವುದು ಅದರ ಮೇಲೆಯೇ.

ಹ್ಯಾಂಡ್‌ಬ್ರೇಕಿನ ಪೇಚು

ಪಕ್ಕದ ಸೀಟಿಗೆ ಅಡ್ಡ ಬರುವಂಥದ್ದು ಹೆಚ್ಚೇನಿಲ್ಲ. ಬೆನ್ನನ್ನು ನೆಟ್ಟಗೆ ಮಾಡಿ, ತೋಳಾಸರೆ ಎತ್ತಿ, ಬಾಗಿಲು ಸ್ವಲ್ಪ ತೆರೆದರೆ ಸೀಟು ತಿರುಗಿತು. ಅದೊಂದು ತಿರುಗಿದ್ದಕ್ಕೇ ನಮ್ಮ ಊಟದ ಸಮಸ್ಯೆ ಮುಕ್ಕಾಲು ಪಾಲು ಮುಗಿಯಿತು. ಬೆಂಚಿಗೆ ಎದುರಾಗಿ ಒಬ್ಬರು ಆರಾಮಾಗಿ ಕೂರಬಹುದು, ನಡುವೆ ಮೇಜು ಬರುತ್ತದೆ.

ಚಾಲಕನ ಸೀಟಿನ ಕತೆ ಬೇರೆ. ಮುಂದೆ ಸ್ಟೇರಿಂಗು, ಬಾಗಿಲ ಕಡೆ ಹ್ಯಾಂಡ್‌ಬ್ರೇಕಿನ ಸಲಾಕೆ. ಸ್ಟೇರಿಂಗನ್ನು ಡ್ಯಾಶ್‌ಬೋರ್ಡಿನ ಕಡೆ ಪೂರ್ತಿ ತಳ್ಳಬಹುದು. ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಮಾತ್ರ ಸಲಾಕೆ ಮೇಲೆದ್ದು ಸೀಟಿಗೆ ತಗಲುತ್ತದೆ. ಸೀಟು ತಿರುಗಬೇಕಾದರೆ ಬ್ರೇಕ್ ಇಳಿಸಬೇಕು, ತಿರುಗಿದ ಮೇಲೆ ಮತ್ತೆ ಎಳೆಯಬೇಕು. ನಿಂತ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಬಿಡುವುದೆಂದರೆ ಮನೆಮಂದಿಯನ್ನೆಲ್ಲ ಒಳಗೆ ಕೂರಿಸಿಕೊಂಡು ಮಾಡುವ ಕೆಲಸವಲ್ಲ. ಗೇರು ಪಾರ್ಕಿನಲ್ಲಿದ್ದರೂ ಇಳಿಜಾರಿನಲ್ಲಿ ಗಾಡಿ ಒಂದು ಸಲ ಜಗ್ಗುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಕ್ರಮವಿದೆ. ಗಾಡಿ ನಿಂತ ಕೂಡಲೇ ಕೆಳಗಿಳಿದು ಚಕ್ರಗಳಿಗೆ ರಬ್ಬರಿನ ಅಡೆ ಕೊಡುವುದು, ಆಮೇಲೆ ಬ್ರೇಕ್ ಇಳಿಸುವುದು, ಸೀಟು ತಿರುಗಿಸುವುದು, ಮತ್ತೆ ಬ್ರೇಕ್ ಎಳೆಯುವುದು. ಹೊಸ ಮಾಡೆಲ್ಲುಗಳಲ್ಲಿ ಹ್ಯಾಂಡ್‌ಬ್ರೇಕ್ ಒಂದು ಗುಂಡಿಯಾಗಿಬಿಟ್ಟಿದೆ, ಅಂಥ ಗಾಡಿ ಇರುವವರಿಗೆ ಈ ತಾಪತ್ರಯ ಇಲ್ಲ.

ಎಲ್ಲ ಗಾಡಿಗಳಿಗೂ ಇದು ಹೊಂದುವುದಿಲ್ಲ. ಫೋರ್ಡ್ ಇ-ಸೀರೀಸ್ ಚಾಸಿಯ ಮೇಲೆ ಕಟ್ಟಿದ ಕ್ಲಾಸ್ ಸಿ ಗಾಡಿಗಳಲ್ಲಿ ಎಂಜಿನ್ನಿನ ಗೂಡು ಎರಡು ಸೀಟುಗಳ ನಡುವೆಯೇ ಉಬ್ಬಿಕೊಂಡಿರುತ್ತದೆ, ಹಿಂದಿನ ಮನೆಯ ನೆಲ ಮುಂದಿನ ನೆಲಕ್ಕಿಂತ ಒಂದು ಮೆಟ್ಟಿಲು ಎತ್ತರ. ಅಲ್ಲಿ ಸೀಟು ತಿರುಗಿಸಿದರೂ ಮೊಣಕಾಲು ಎದೆಗೆ ಬರುತ್ತದೆ. ಅಂಥ ಗಾಡಿಯವರು ಸೀಟು ತಿರುಗಿಸುವ ಆಸೆ ಬಿಟ್ಟು, ಎಂಜಿನ್ ಗೂಡಿನ ಮೇಲೊಂದು ಹಲಗೆ ಹಾಕಿ ಸಾಮಾನಿಡಲು ಬಳಸುವುದು ಮೇಲು. ದೊಡ್ಡ ಕ್ಲಾಸ್ ಎ ಗಾಡಿಗಳಲ್ಲಿ ಡೀಸೆಲ್ ಎಂಜಿನ್ ಹಿಂದುಗಡೆ ಇರುವಂಥವಕ್ಕೆ ಮುಂದಿನ ನೆಲ ಸಪಾಟಾಗಿರುತ್ತದೆ. ಅವುಗಳಲ್ಲಿ ಎರಡು ಸೀಟುಗಳೂ ಹಾಲಿನ ಸೋಫಾದ ಜೊತೆ ಸೇರಿಕೊಳ್ಳುತ್ತವೆ.

ಕಾಲಿಗೆ ನೆಲ ಬೇಕು

ತಟ್ಟೆ ಕೂರಿಸಿದ ಮೇಲೆ ಸೀಟು ಒಂದೂವರೆ ಎರಡು ಇಂಚು ಎತ್ತರವಾಗುತ್ತದೆ. ನನಗೆ ಅದು ಗೊತ್ತೇ ಆಗಲಿಲ್ಲ. ಗಿಡ್ಡ ಇರುವ ಅಮ್ಮನಿಗೆ ಗೊತ್ತಾಯಿತು. "ಕಾಲು ನೇತಾಡ್ತಾವೆ ಕಣೋ, ಎಷ್ಟೊತ್ತು ಅಂತ ಹಿಂಗೇ ಕೂತ್ಕೊಳ್ಳಲಿ?" ಅಂದರು. ಕಾಲು ಜೋತುಬಿದ್ದರೆ ತೊಡೆಯ ಹಿಂಭಾಗ ಒತ್ತಿ ಅರ್ಧ ಗಂಟೆಯಲ್ಲಿ ಜೋಮು ಹಿಡಿಯುತ್ತದೆ. ಕಾರ್ಖಾನೆಯ ಪೀಠ ತೆಗೆದು ಗಿಡ್ಡನೆಯ ಪೀಠ ಹಾಕಿಸುವ ದಾರಿ ಇದೆ, ಅದಕ್ಕೆ ದುಡ್ಡು ಜಾಸ್ತಿ. ಮನೆಯಲ್ಲಿದ್ದ ಮಣೆಯನ್ನು ಕಾಲಡಿಗೆ ಇಡೋಣವೆಂದರೆ, ಉಣ್ಣಲು ಕೂರುವ ಮಣೆಗೆ ಕಾಲು ತಾಕಿಸಲು ಅಮ್ಮ ಒಪ್ಪಲಿಲ್ಲ. ಕೊನೆಗೆ ಪ್ಲೈವುಡ್ಡಿನಲ್ಲಿ ಐದು ಇಂಚು ಎತ್ತರದ ಒಂದು ಪೆಟ್ಟಿಗೆ ಮಾಡಿದೆ. ಅಡಿಗೆ ಜಾರದ ರಬ್ಬರು, ಮೇಲೆ ತುಂಡು ಜಮಖಾನ, ಒಳಗೆ ನಾಲ್ವರ ಚಪ್ಪಲಿ. ಬಾಗಿಲ ಬಳಿ ಚಪ್ಪಲಿ ಎಡವುವುದೂ ತಪ್ಪಿತು. ಅಂಗಡಿಯಲ್ಲಿ ಸಿಗುವ ಯಾವ ಸಾಮಾನಿಗಿಂತ ಈ ಪೆಟ್ಟಿಗೆಯಿಂದ ನಮಗೆ ಆದ ಉಪಯೋಗ ಹೆಚ್ಚು.

ಗಾಡಿ ನಿಲ್ಲಿಸುವ ಜಾಗದ ಏರುತಗ್ಗೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತಿರುಗಿದ ಸೀಟಿನಲ್ಲಿ ಕೂತವರ ಬೆನ್ನು ಇರುವುದು ಎಂಜಿನ್ನಿನ ಕಡೆ. ಗಾಡಿಯ ಮೂತಿ ಮೇಲಾಗಿ ನಿಂತರೆ ಅವರು ಮುಂದಕ್ಕೆ ಜಾರುತ್ತಾ ಇರುತ್ತಾರೆ. ಮೂತಿ ಒಂದು ಇಂಚು ತಗ್ಗಿದ್ದರೆ ಬೆನ್ನು ತಾನಾಗಿ ಒರಗುತ್ತದೆ. ಟಯರಿನ ಕೆಳಗೆ ಪ್ಲಾಸ್ಟಿಕ್ ಹಲಗೆ ಕೊಟ್ಟು ಮಟ್ಟ ಮಾಡುವಾಗ ನಾನು ಇದನ್ನೂ ನೋಡಿಕೊಳ್ಳುತ್ತೇನೆ.

ಮೇಜಿನ ವಿಷಯದಲ್ಲಿ ಒಂದೇ ಮಾತು. ನೆಲಕ್ಕೆ ಕಾಲು ಊರುವ ಮೇಜು ಬೇಡ, ತಿರುಗುವ ಸೀಟಿಗೆ ಅದು ಅಡ್ಡ. ಬೆಂಚಿನ ಪಕ್ಕಕ್ಕೆ ಕಚ್ಚಿಕೊಂಡು ತೋಳಿನ ಮೇಲೆ ಆ ಕಡೆ ಈ ಕಡೆ ಹೊರಳುವ ಮೇಜು ಸಿಗುತ್ತದೆ. ಇಲ್ಲಿಯವರು ಅದಕ್ಕೆ ಲಗೂನ್ ಟೇಬಲ್ ಅನ್ನುತ್ತಾರೆ. ಎದ್ದು ಓಡಾಡುವವರಿಗೆ ದಾರಿ ಬಿಡಲು ಒಂದು ಕೈಯಲ್ಲಿ ತಳ್ಳಿದರೆ ಸಾಕು.

ಗಾಜು ತಂಪನ್ನೂ ತರುತ್ತದೆ, ಬಿಸಿಲನ್ನೂ

ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನಲ್ಲಿ ಮ್ಯಾಥರ್ ಕ್ಯಾಂಪ್‌ಗ್ರೌಂಡ್ ಇದೆ. ಎತ್ತರ ಸುಮಾರು 7,000 ಅಡಿ. ಅಲ್ಲಿ ಗಾಡಿಗೆ ಕರೆಂಟಿನ ಸಂಪರ್ಕ ಸಿಗುವುದಿಲ್ಲ, ಜನರೇಟರು ಹಾಕಲು ಗೊತ್ತಾದ ಹೊತ್ತಷ್ಟೇ. ಶರತ್ಕಾಲದಲ್ಲಿ ಸಂಜೆಯಾದರೆ ಹಿಂದಿನ ಬೆಂಚಿನಲ್ಲಿ ಕೂತವರು ಸ್ವೆಟರಿನಲ್ಲಿ ಸುಧಾರಿಸಿಕೊಳ್ಳುತ್ತಾರೆ, ಮುಂದಿನ ಸೀಟಿನಲ್ಲಿ ಕೂತವರ ಬೆನ್ನು ಮರಗಟ್ಟುತ್ತದೆ. ಕಾರಣ ಸರಳ. ಹಿಂದಿನ ಗೋಡೆಗಳಲ್ಲಿ ಚಳಿ ತಡೆಯುವ ಹೊದಿಕೆ ತುಂಬಿರುತ್ತದೆ, ಮುಂದೆ ಇರುವುದು ಬರಿಯ ಗಾಜು ಮತ್ತು ತಗಡು.

ಬಹಳ ಗಾಡಿಗಳಲ್ಲಿ ಇದಕ್ಕೆ ಪರಿಹಾರವೆಂದು ಮುಂದಿನ ಸೀಟುಗಳ ಹಿಂದೆ ಒಂದು ಪರದೆ ಬಿಟ್ಟಿರುತ್ತಾರೆ. ನಮ್ಮದರಲ್ಲೂ ಇತ್ತು. ಪರದೆ ಎಳೆದರೆ ಚಳಿ ನಿಲ್ಲುತ್ತದೆ ನಿಜ, ಎರಡು ಸೀಟುಗಳೂ ಮನೆಯಿಂದ ಹೊರಗೆ ಬಿದ್ದಂತಾಗುತ್ತದೆ. ಅದನ್ನು ಬಿಚ್ಚಿಟ್ಟು, ಗಾಜುಗಳಿಗೇ ಅಳತೆಗೆ ಹೊಲಿಸಿದ ದಪ್ಪ ಹೊದಿಕೆ ಹಾಕಿದೆವು. ಒಳಗಿನಿಂದ ಹಾಕುವ ಹೊದಿಕೆ ಸುಲಭ, ಆದರೆ ನಾಲ್ಕು ಜನರ ಉಸಿರು, ಅನ್ನ ಬೇಯುವ ಹಬೆ ಎಲ್ಲ ಹೊದಿಕೆಯ ಹಿಂದಿನ ತಣ್ಣನೆ ಗಾಜಿಗೆ ತಾಗಿ ನೀರಾಗಿ, ಬೆಳಿಗ್ಗೆ ಡ್ಯಾಶ್‌ಬೋರ್ಡಿನ ಮೇಲೆ ಇಳಿದಿರುತ್ತದೆ. ಹೊರಗಿನಿಂದ ಹಾಕುವ ಹೊದಿಕೆಯಲ್ಲಿ ಗಾಜು ಅಷ್ಟು ತಣ್ಣಗಾಗುವುದಿಲ್ಲ, ನೀರೂ ಕಡಿಮೆ. ಬೇಸಿಗೆಗೂ ಹೊರಗಿನದೇ ಸರಿ. ಫೀನಿಕ್ಸಿನಲ್ಲಿ ಬಿಸಿಲು 43 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳಲ್ಲಿ, ಶಾಖ ಗಾಜು ದಾಟಿ ಒಳಗೆ ಬಂದ ಮೇಲೆ ತಡೆಯುವುದಕ್ಕಿಂತ ಹೊರಗೇ ತಡೆಯುವುದು ಜಾಣತನ. ಆದರೆ ಹೊರಗಿನ ಹೊದಿಕೆ ಹಾಕಿದ್ದಾಗ ತಕ್ಷಣ ಗಾಡಿ ಓಡಿಸಲು ಬರುವುದಿಲ್ಲ. ಜನವಿಲ್ಲದ ಕಡೆ ತಂಗಿದಾಗ ನಾವು ಒಳಗಿನದನ್ನೇ ಹಾಕಿ, ಬೆಳಿಗ್ಗೆ ಗಾಜು ಒರೆಸಿಕೊಳ್ಳುತ್ತೇವೆ.

ದೀಪದ ವಿಷಯವೂ ಇದೆ. ಮುಂದಿನ ಭಾಗದ ದೀಪ, ರೇಡಿಯೋ ಎಲ್ಲ ನಡೆಯುವುದು ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಲ್ಲಿ. ಅಪ್ಪ ಅಲ್ಲಿ ಕೂತು ರಾತ್ರಿ ಹತ್ತರವರೆಗೆ ಓದಿದರೆ ಆ ಬ್ಯಾಟರಿಯೇ ಕರಗುತ್ತದೆ. ಹಿಂದಿನ ಮನೆಗೆಂದೇ ಇರುವ ಬೇರೆ ಬ್ಯಾಟರಿಯಿಂದ ಒಂದು ತಂತಿ ಎಳೆದು ಸೀಟಿನ ಮೇಲೆ ಓದುವ ದೀಪ ಹಾಕಿಸಿದ್ದೇವೆ. ಅಪ್ಪ ಈಗ ಬೆಳಗಿನ ಕಾಫಿಯೂ ಅಲ್ಲೇ ಬೇಕೆನ್ನುತ್ತಾರೆ. "ಜಗಲಿ ಕಟ್ಟೆ ಆಯ್ತಲ್ಲೋ ಇದು" ಎಂದು ಅವರು ಅಂದ ಮೇಲೆ ಮನೆಯಲ್ಲಿ ಅದಕ್ಕೆ ಜಗಲಿ ಎಂದೇ ಹೆಸರು.

ನಮ್ಮೂರಿನಲ್ಲಾದರೆ

ಬೆಂಗಳೂರಿನ ಗೆಳೆಯರು ಟೆಂಪೋ ಟ್ರಾವೆಲರ್ ಮೇಲೆ ಇಂಥದ್ದು ಮಾಡಿಸಬಹುದೇ ಎಂದು ಕೇಳುತ್ತಿರುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಆದ್ದರಿಂದ ಗ್ಯಾರೇಜಿಗೆ ಹೋಗುವ ಮುಂಚೆ ಆರ್‌ಟಿಓ ಕಚೇರಿಗೆ ಹೋಗಿ. ಅಲ್ಲದೆ ನಮ್ಮಲ್ಲಿ ಕ್ಯಾರವಾನ್ ಬಾಡಿಗೆಗೆ ಹಿಡಿದರೆ ಸಾಮಾನ್ಯವಾಗಿ ಡ್ರೈವರ್ ಜೊತೆಗೇ ಬರುತ್ತದೆ. ದಿನವಿಡೀ ಗಾಡಿ ಓಡಿಸಿದ ಮನುಷ್ಯ ಬೆನ್ನು ಚಾಚುವುದು ಆ ಮುಂದಿನ ಸೀಟಿನಲ್ಲೇ. ಅದನ್ನು ಅವನಿಗೇ ಬಿಟ್ಟುಬಿಡುವುದು ನ್ಯಾಯ.

ಸ್ವಂತ ಗಾಡಿ ಇದ್ದು ಇಷ್ಟೆಲ್ಲ ಮಾಡುವವರಿಗೆ ನನ್ನ ಸಲಹೆ ಇಷ್ಟು. ದುಡ್ಡನ್ನು ಮೊದಲು ಪಕ್ಕದ ಸೀಟಿನ ತಟ್ಟೆಗೆ ಹಾಕಿ. ಎರಡನೆಯದು ಗಾಜಿನ ಹೊದಿಕೆ, ಮೂರನೆಯದು ಮೇಜು. ಕಾಲುಪೆಟ್ಟಿಗೆ ಮನೆಯಲ್ಲೇ ಆಗುತ್ತದೆ. ಇಷ್ಟಾಗಿ ಒಂದು ಸುತ್ತು ತಿರುಗಾಡಿ ಬಂದ ಮೇಲೂ ಜಾಗ ಸಾಲದು ಅನ್ನಿಸಿದರೆ ಮಾತ್ರ ಚಾಲಕನ ಸೀಟಿಗೆ ಕೈ ಹಾಕಿ. ಇಬ್ಬರೇ ಇರುವ ಮನೆಗೆ ಅದು ಬೇಕಾಗುವುದೇ ಇಲ್ಲ. ತಿರುಗಿಸಿದವರು ಮಲಗುವ ಮುನ್ನ ಅದನ್ನು ಮುಂದಕ್ಕೆ ತಿರುಗಿಸಿ ಲಾಕ್ ಮಾಡಿ, ಕೀಲಿಕೈ ಎಲ್ಲಿದೆ ಎಂದು ಮನೆಯವರಿಗೆಲ್ಲ ಹೇಳಿಡಿ. ಕಾಡಿನಲ್ಲಿ ಬೆಂಕಿ ಕಾಣಿಸಿಕೊಂಡರೆ, ಅಪರಿಚಿತರು ನಡುರಾತ್ರಿ ಬಾಗಿಲು ಬಡಿದರೆ, ಕೂಡಲೇ ಹೊರಡಬೇಕು. ಆಗ ಅದು ಮತ್ತೆ ಗಾಡಿ ಓಡಿಸುವ ಸೀಟು.